ಅರವತ್ತೆಂಟು ಚೀಲ, ಒಂದು ಸೀಟು

2024ರ ನವೆಂಬರಿನ ಒಂದು ಇಳಿಹೊತ್ತು. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ದುಂಡಸಿಯಲ್ಲಿ ಗೆಳೆಯರೊಬ್ಬರ ಕಣದಲ್ಲಿ ಗೋವಿನಜೋಳದ ತೂಕ ನಡೆದಿತ್ತು. ವ್ಯಾಪಾರಿ ಲಾರಿ ನಿಲ್ಲಿಸಿ ಎಲೆಕ್ಟ್ರಾನಿಕ್ ಕಾಟಾ ಇಟ್ಟಿದ್ದ. ಹಮಾಲರು ಒಂದೊಂದೇ ಚೀಲ ಎತ್ತಿ ಇಡುತ್ತಿದ್ದರು. ಚೀಲಕ್ಕೆ 52 ಕೆಜಿ, ಅದರಲ್ಲಿ ಖಾಲಿ ಚೀಲದ ತೂಕವೆಂದು ಒಂದು ಕೆಜಿ ವಜಾ, ಒಟ್ಟು 68 ಚೀಲ, ಕ್ವಿಂಟಲ್ಲಿಗೆ 2,200 ರೂಪಾಯಿ. ವ್ಯಾಪಾರಿ ಅಂಗಿಯ ಕಿಸೆಯಿಂದ ಮೊಬೈಲು ತೆಗೆದು ಕ್ಯಾಲ್ಕುಲೇಟರ್ ಹುಡುಕುತ್ತಿದ್ದಂತೆ, ಚೀಲದ ರಾಶಿಯ ಮೇಲೆ ಕೂತಿದ್ದ ಪಕ್ಕದ ಮನೆಯ ಹುಡುಗಿ ಹೇಳಿಬಿಟ್ಟಳು: “ಎಪ್ಪತ್ತಾರ್ ಸಾವಿರದ ಎರಡ್ನೂರಾ ತೊಂಬತ್ತಾರು ಆತ್ರೀ ಕಾಕಾ.”

ವ್ಯಾಪಾರಿ ಗುಂಡಿ ಒತ್ತಿ ಮುಗಿಸಿದ. 76,296.

ಹೇಗೆ ಮಾಡಿದೆ ಎಂದು ಕೇಳಿದೆ. “ಐವತ್ತೊಂದ್ ಅಂದ್ರ ಐವತ್ತು ಮತ್ತ ಒಂದ್ರೀ. ಅರವತ್ತೆಂಟ್ ಐವತ್ಲೆ ಮೂರ್ ಸಾವಿರದ ನಾಕ್ನೂರು, ಅದಕ್ಕ ಅರವತ್ತೆಂಟ್ ಕೂಡಿಸಿದ್ರ ಕೆಜಿ ಬಂತ್ರೀ. ಕೆಜಿಗೆ ಇಪ್ಪತ್ತೆರಡು ರೂಪಾಯಿ. ಮುಗೀತಲ್ರೀ.” ಹತ್ತನೇತ್ತ ಓದುತ್ತಿದ್ದಳು, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಮುಂದೆ ಸೈನ್ಸ್ ತೊಗೋಬೇಕೆಂಬ ಆಸೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಕಾಕಾ, ಐಐಟಿಗೆ ಭಾಳ ಶ್ಯಾಣ್ಯಾರಷ್ಟ ಹೋಗ್ತಾರಂತ, ಖರೇನ್ರೀ?”

ಖರೆ ಎಂದೆ. ಆ ಉತ್ತರ ಅರ್ಧದಷ್ಟೇ ಖರೆ ಎಂದು ಹೇಳುವಾಗಲೇ ಗೊತ್ತಿತ್ತು. ಉಳಿದರ್ಧವನ್ನು ಅವಳಿಗೆ ಒಪ್ಪುವ ಭಾಷೆಯಲ್ಲಿ, ಅಂದರೆ ಲೆಕ್ಕದಲ್ಲಿ, ಇಲ್ಲಿ ಬರೆಯುತ್ತೇನೆ.

ಆ ವರ್ಷ ಜೆಇಇ ಮೇನ್ ಪರೀಕ್ಷೆ ಬರೆದವರು 14,15,110 ಮಂದಿ. ದೇಶದ 23 ಐಐಟಿಗಳಲ್ಲಿ ಇದ್ದ ಸೀಟು 17,740. ಅಷ್ಟೂ ಮಕ್ಕಳನ್ನು ಎರಡಡಿಗೊಬ್ಬರಂತೆ ಸಾಲಾಗಿ ನಿಲ್ಲಿಸಿದರೆ ಸಾಲಿನ ಉದ್ದ 860 ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಸಾಲಿನ ತಲೆ ಇಟ್ಟರೆ ಅದು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಬಂಕಾಪುರ, ಶಿಗ್ಗಾಂವಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ಹಾದು ಪುಣೆ ಮುಟ್ಟುತ್ತದೆ. ಸೀಟು ಸಿಗುವವರ ಸಾಲು ಹನ್ನೊಂದು ಕಿಲೋಮೀಟರೂ ಇಲ್ಲ. ಪೀಣ್ಯದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಎಂಬತ್ತು ಮಂದಿಗೆ ಒಂದು ಸೀಟು. ಅದೇ ವರ್ಷ ಅಮೆರಿಕದ ಹಾರ್ವರ್ಡಿಗೆ ಅರ್ಜಿ ಹಾಕಿದವರು 54,008, ಪ್ರವೇಶ ಪಡೆದವರು 1,937. ಅಲ್ಲಿ 28 ಮಂದಿಗೆ ಒಂದು.

ಈಗ ದುಂಡಸಿಯ ಪಾಲು ಎಷ್ಟೆಂದು ನೋಡೋಣ. ಬುದ್ಧಿ ಊರು ನೋಡಿ ಹುಟ್ಟುವುದಿಲ್ಲ ಎಂಬುದನ್ನು ಒಪ್ಪಿಕೊಂಡರೆ ಲೆಕ್ಕ ಸರಳ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668, ದೇಶದ್ದು 121 ಕೋಟಿ. 17,740 ಸೀಟನ್ನು ತಲೆ ಲೆಕ್ಕದಲ್ಲಿ ಹಂಚಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಬರುವುದು 23. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಸೇರಿ 23. ಐದು ಸಾವಿರ ಜನರ ಒಂದು ಊರು ಎಂದಿಟ್ಟುಕೊಂಡರೆ ಹದಿನಾಲ್ಕು ವರ್ಷಕ್ಕೆ ಒಂದು ಸೀಟು. ಕಣದ ಆ ಹುಡುಗಿ ಹುಟ್ಟಿದ ವರ್ಷ ಊರಿನ ಹುಡುಗನೊಬ್ಬ ಐಐಟಿ ಸೇರಿದ್ದರೆ ಮುಂದಿನ ಸರದಿ ಬರುವಾಗ ಅವಳು ಎಂಟನೇತ್ತ ಮುಗಿಸಿರುತ್ತಾಳೆ. ನ್ಯಾಯ ನೂರಕ್ಕೆ ನೂರು ನಡೆದರೆ ಆಗುವ ಮಾತು ಇದು. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಲೆಕ್ಕದಲ್ಲಿ ಅದು ಬಹಳ ದೂರದ ಊರು.

ಆ ಸಾಲಿನಲ್ಲಿ ಎಲ್ಲರೂ ಒಂದೇ ಕಡೆಯಿಂದ ನಡೆಯಲು ಶುರು ಮಾಡಿದವರಲ್ಲ. ಪಿಯುಸಿಯ ಜೊತೆಗೇ ಕೋಚಿಂಗ್, ಹಾಸ್ಟೆಲ್, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ ನಾಲ್ಕು ಲಕ್ಷ ಎಂದು ಕಡಿಮೆಯಲ್ಲೇ ಹಿಡಿಯುತ್ತೇನೆ. ಇದಕ್ಕಿಂತ ಎಷ್ಟೋ ಹೆಚ್ಚು ಕಟ್ಟಿದ ತಂದೆತಾಯಿ ನಮ್ಮ ಸುತ್ತಲೇ ಇದ್ದಾರೆ. ಆ ವರ್ಷ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ 2,225 ರೂಪಾಯಿ. ನಾಲ್ಕು ಲಕ್ಷ ಎಂದರೆ 180 ಕ್ವಿಂಟಲ್. ಬೀಜ, ಗೊಬ್ಬರ, ಆಳಿನ ಖರ್ಚು ಒಂದು ಪೈಸೆಯನ್ನೂ ಕಳೆಯದೆ ಹೇಳುತ್ತಿರುವ ಅಂಕಿ ಇದು. ಆ ಸಂಜೆಯ ಕಣದ ಅರವತ್ತೆಂಟು ಚೀಲದಂಥ ರಾಶಿಗಳು ಐದಕ್ಕಿಂತ ಹೆಚ್ಚು ಬೇಕು. ಹೊಲ ಇಲ್ಲದವರ ಲೆಕ್ಕ ಬೇರೆ. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ. ನಾಲ್ಕು ಲಕ್ಷಕ್ಕೆ 1,146 ದಿನ ಗುದ್ದಲಿ ಹಿಡಿಯಬೇಕು. ಆಗ ಕಾಯ್ದೆಯ ಖಾತ್ರಿ ಒಂದು ಮನೆಗೆ ವರ್ಷಕ್ಕೆ ನೂರು ದಿನ ಇತ್ತು. ಉಣ್ಣದೆ ಉಡದೆ ಕೂಡಿಟ್ಟರೆ ಹನ್ನೊಂದೂವರೆ ವರ್ಷ. ಮಗು ಒಂದನೇತ್ತಕ್ಕೆ ಸೇರುವ ಮೊದಲೇ ಕೂಡಿಡಲು ಶುರು ಮಾಡಿದರೆ ಪಿಯುಸಿಯ ಹೊತ್ತಿಗೆ ಮುಟ್ಟುತ್ತದೆ.

ನಮ್ಮ ಕಡೆ ಸೀಟಿನಲ್ಲಿ ಎರಡು ಜಾತಿ ಮಾಡಿ ಮಾತಾಡುತ್ತೇವೆ, ಮೆರಿಟ್ ಸೀಟು ಮತ್ತು ಪೇಮೆಂಟ್ ಸೀಟು. ಮೆರಿಟ್ ಸೀಟು ಎಂದಾಗ ದನಿಯಲ್ಲಿ ಹೆಮ್ಮೆ ಇರುತ್ತದೆ, ಪೇಮೆಂಟ್ ಎಂದಾಗ ಸ್ವಲ್ಪ ಸಂಕೋಚ. ಈ 1,146 ದಿನಗಳ ಲೆಕ್ಕ ಮಾಡಿದ ಮೇಲೆ ನನಗೆ ಆ ಎರಡರ ನಡುವಿನ ಗೆರೆ ಮಸುಕಾಗಿದೆ. ಮೆರಿಟ್ ಸೀಟಿಗೂ ಪೇಮೆಂಟ್ ಆಗಿರುತ್ತದೆ, ಪರೀಕ್ಷೆಗಿಂತ ಎಷ್ಟೋ ವರ್ಷ ಮೊದಲು, ಬೇರೆ ಕೌಂಟರಿನಲ್ಲಿ.

ಒಳಗೆ ಹೋದ ಮೇಲೆ ಸರ್ಕಾರ ಕೈ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ ಎರಡು ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಲಕ್ಷಕ್ಕಿಂತ ಕಡಿಮೆ ವರಮಾನದ ಮನೆಯ ಮಕ್ಕಳಿಗೆ ಅದು ಪೂರ್ತಿ ಮಾಫಿ. ಐದು ಲಕ್ಷದವರೆಗಿನ ಮನೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಆದರೆ ಹೊಸ್ತಿಲ ಹೊರಗೆ ನಿಂತವರ ಗತಿ? 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತು. ಕಟ್ಟಬೇಕಾಗಿದ್ದದ್ದು 17,500 ರೂಪಾಯಿ, ಸಂಜೆ ಐದರೊಳಗೆ. ಊರವರಿಂದ ಹಣ ಕೂಡಿಸಿ ಮುಗಿಸುವಷ್ಟರಲ್ಲಿ ಗಡುವು ನಿಮಿಷಗಳಲ್ಲಿ ತಪ್ಪಿಹೋಯಿತು. ತಂದೆಯ ಕೂಲಿ ದಿನಕ್ಕೆ 450. ಆ ಶುಲ್ಕ ಅವರ 39 ದಿನದ ದುಡಿಮೆ. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಹುಡುಗನಿಗೆ ಸೀಟು ಕೊಡಿಸಿತು. ಜೆಇಇ ಪಾಸಾದ ಬುದ್ಧಿಗೆ ಬಾಗಿಲು ತೆರೆಯಲು ದೇಶದ ಮುಖ್ಯ ನ್ಯಾಯಮೂರ್ತಿಗಳ ಪೀಠವೇ ಬೇಕಾಯಿತು. ಅಲ್ಲಿಯವರೆಗೆ ಹೋಗಲು ದಾರಿ ಸಿಗದ ಎಷ್ಟು ಮಂದಿ ಹಿಂದಿನ ವರ್ಷಗಳಲ್ಲಿ ಸುಮ್ಮನೆ ಮನೆಗೆ ಮರಳಿದ್ದಾರೋ.

ಇಷ್ಟು ಹೇಳಿದ ಮೇಲೆ, ಒಳಗಿರುವವರು ಬರೀ ದುಡ್ಡಿನ ಮಕ್ಕಳು ಎಂದು ಯಾರಾದರೂ ಅಂದರೆ ಅದನ್ನೂ ನಾನು ಒಪ್ಪುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಎಂದರೆ ಒಂದೇ ದಿನ ಮೂರು ಮೂರು ತಾಸಿನ ಎರಡು ಪತ್ರಿಕೆ. ಆ ಪ್ರಶ್ನೆಗಳ ಮುಂದೆ ಕೂತು ನೋಡಿದವರಿಗೆ ಗೊತ್ತು, ದುಡ್ಡು ಒಂದೇ ಅವುಗಳನ್ನು ಬಿಡಿಸುವುದಿಲ್ಲ. ಶಿಗ್ಗಾಂವಿಯದೇ ಒಂದು ಉದಾಹರಣೆ ಇದೆ. ಅದನ್ನು ಹತ್ತಿರದಿಂದ ನೋಡಬೇಕು.

ಸುಧಾ ಮೂರ್ತಿ ಹುಟ್ಟಿದ್ದು ಶಿಗ್ಗಾಂವಿಯಲ್ಲಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಿನ್ನದ ಪದಕದೊಡನೆ ಸ್ನಾತಕೋತ್ತರ ಪದವಿ. ಬಿ.ವಿ.ಬಿ.ಯಲ್ಲಿ 599 ಹುಡುಗರ ನಡುವೆ ತಾನೊಬ್ಬಳೇ ಹುಡುಗಿ ಇದ್ದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಕೂಡ ಇರಲಿಲ್ಲ ಎಂದು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಅವರ ತಮ್ಮ ಶ್ರೀನಿವಾಸ ಕುಲಕರ್ಣಿ ಐಐಟಿ ದೆಹಲಿಯಲ್ಲಿ ಓದಿ, ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ 1982ರಲ್ಲಿ ಡೊನಾಲ್ಡ್ ಬ್ಯಾಕರ್ ಜೊತೆ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಕಂಡುಹಿಡಿದವರಲ್ಲಿ ಒಬ್ಬರು. ಸೂರ್ಯನಿಗಿಂತ ಭಾರದ ಒಂದು ನಕ್ಷತ್ರ ಸೆಕೆಂಡಿಗೆ 642 ಸುತ್ತು ತಿರುಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ ಕೆಲಸ ಅದು. 2024ರಲ್ಲಿ ಅವರಿಗೆ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು. ಈ ಅಕ್ಕ ತಮ್ಮಂದಿರ ಬುದ್ಧಿಯ ಬಗ್ಗೆ ಯಾರು ಸಂಶಯಪಟ್ಟಾರು?

ಅವರ ತಂದೆ ಡಾ. ಆರ್. ಎಚ್. ಕುಲಕರ್ಣಿ ಶಸ್ತ್ರವೈದ್ಯರು, ತಾಯಿ ವಿಮಲಾ ಕುಲಕರ್ಣಿ ಶಿಕ್ಷಕಿ. ಅದೇ ಕಾಲದ ಜನಗಣತಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. 1951ರಲ್ಲಿ ಭಾರತದ ಸಾಕ್ಷರತೆ ನೂರಕ್ಕೆ 18.33, ಹೆಣ್ಣುಮಕ್ಕಳದು 8.86. ಹನ್ನೊಂದು ಹೆಂಗಸರಲ್ಲಿ ಒಬ್ಬಳಿಗೆ ಅಕ್ಷರ ಗೊತ್ತಿದ್ದ ದೇಶದಲ್ಲಿ ತಾಯಿಯೇ ಶಿಕ್ಷಕಿಯಾಗಿದ್ದ ಮನೆ. ಆ ಮನೆ ಆ ಬುದ್ಧಿಯನ್ನು ಸೃಷ್ಟಿಸಲಿಲ್ಲ. ಬುದ್ಧಿ ನಿಲ್ಲಲು ಒಂದು ನೆಲ ಕೊಟ್ಟಿತು. ಹಾಗೆ ನೆಲ ಇದ್ದೂ ಶೌಚಾಲಯವಿಲ್ಲದ ಕಾಲೇಜಿನಲ್ಲಿ ಒಬ್ಬಳೇ ಹುಡುಗಿಯಾಗಿ ಓದು ಮುಗಿಸಬೇಕಾಯಿತು. ಅನುಕೂಲವೂ ಅಡ್ಡಿಯೂ ಒಂದೇ ಜೀವದಲ್ಲಿ ಕೂಡಿಕೊಂಡಿರುತ್ತವೆ; ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಅವರಿಗೂ ಅನ್ಯಾಯ.

ನನ್ನನ್ನು ನಿದ್ದೆಗೆಡಿಸಿದ್ದು ಆ 599 ಎಂಬ ಅಂಕಿ. ಒಟ್ಟು ಆರು ನೂರು ವಿದ್ಯಾರ್ಥಿಗಳು. ಬುದ್ಧಿ ಗಂಡಿಗೂ ಹೆಣ್ಣಿಗೂ ಸಮ ಬಂದಿರುವುದಾದರೆ ಅಲ್ಲಿ ಮುನ್ನೂರು ಹುಡುಗಿಯರು ಇರಬೇಕಿತ್ತು. ಇದ್ದವಳು ಒಬ್ಬಳು. ಉಳಿದ 299 ಹುಡುಗಿಯರು ಎಲ್ಲಿದ್ದರು? ಧಾರವಾಡ ಜಿಲ್ಲೆಯ ಯಾವ ಯಾವುದೋ ಊರುಗಳಲ್ಲಿ, ಅದೇ ವಯಸ್ಸಿನಲ್ಲಿ, ಬಹುಶಃ ಒಲೆಯ ಮುಂದೆ, ಬಹುಶಃ ಎರಡನೆಯ ಮಗುವಿನ ತೊಟ್ಟಿಲ ಪಕ್ಕ. ಅವರಲ್ಲಿ ಒಬ್ಬಳ ಹೆಸರೂ ಯಾವ ದಾಖಲೆಯಲ್ಲೂ ಇಲ್ಲ. ದೊಡ್ಡ ಕಾಲೇಜಿನ ಸೀಟು ಅದರಲ್ಲಿ ಕೂತವರ ಬುದ್ಧಿಯ ಬಗ್ಗೆ ಏನನ್ನೋ ಹೇಳುತ್ತದೆ. ಕೂರದೆ ಹೋದವರ ಬುದ್ಧಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ, ಮರೆತು “ಅವರಿಗೆ ತಲೆ ಇರಲಿಲ್ಲ” ಎಂದುಬಿಡುತ್ತೇವೆ.

ಈ ಮಾತು ನಮ್ಮ ದೇಶಕ್ಕಷ್ಟೇ ಅಲ್ಲ. ಶಿಗ್ಗಾಂವಿಯ ನೆರೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆದು ಬಂದವರು. ಅಂಥ ಆಕ್ಸ್‌ಫರ್ಡಿನ ಬಾಗಿಲು ಅಲ್ಲಿನ ಮಕ್ಕಳಿಗೇ ಹೇಗೆ ತೆರೆಯುತ್ತದೆ ಎಂಬುದನ್ನು ಬ್ರಿಟನ್ನಿನ ಸಟನ್ ಟ್ರಸ್ಟ್ 2018ರಲ್ಲಿ ಲೆಕ್ಕ ಹಾಕಿತು. ಮೂರು ವರ್ಷಗಳಲ್ಲಿ ಕೇವಲ ಎಂಟು ಶಾಲೆಗಳಿಂದ ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿದವರು 1,310. ಬೇರೆ 2,894 ಶಾಲೆ ಕಾಲೇಜುಗಳಿಂದ ಎಲ್ಲ ಸೇರಿ 1,220. ಮತ್ತೊಮ್ಮೆ ಓದಿ ನೋಡಿ. ಎಂಟು ಒಂದು ತಕ್ಕಡಿಯಲ್ಲಿ, 2,894 ಇನ್ನೊಂದರಲ್ಲಿ, ಎಂಟೇ ಭಾರ. ಬ್ರಿಟನ್ನಿನ ಬುದ್ಧಿಯೆಲ್ಲ ಎಂಟು ಕಟ್ಟಡಗಳಲ್ಲಿ ಹೋಗಿ ಸೇರಿಕೊಂಡಿದೆ ಎಂದು ನಂಬಲು ಯಾರಿಗೆ ಸಾಧ್ಯ?

ಅಮೆರಿಕದ ಅಂಕಿ ಇನ್ನೂ ನೇರವಾಗಿದೆ. ರಾಜ್ ಚೆಟ್ಟಿ ಮತ್ತು ಸಂಗಡಿಗರು ಆದಾಯ ತೆರಿಗೆಯ ದಾಖಲೆಗಳನ್ನು ಕಾಲೇಜಿನ ದಾಖಲೆಗಳ ಜೊತೆ ಹೊಂದಿಸಿ ನೋಡಿದರು. ಅತಿ ಸಿರಿವಂತರಾದ ನೂರಕ್ಕೆ ಒಬ್ಬರ ಮನೆಯ ಮಗು, ಕೆಳಗಿನ ನೂರಕ್ಕೆ ಇಪ್ಪತ್ತರ ಮನೆಯ ಮಗುವಿಗಿಂತ ಐವಿ ಲೀಗ್ ಕಾಲೇಜು ಸೇರುವ ಸಂಭವ 77 ಪಟ್ಟು. ಸಿರಿವಂತರ ಮಕ್ಕಳು ಹೆಚ್ಚು ಅಂಕ ತೆಗೆಯುತ್ತಾರೆ, ಅದಕ್ಕೇ ಹಾಗೆ ಎನ್ನಬಹುದಲ್ಲ? 2023ರಲ್ಲಿ ಅವರು ಅದನ್ನೂ ನೋಡಿದರು. ಪ್ರವೇಶ ಪರೀಕ್ಷೆಯ ಅಂಕ ಒಂದೇ ಇದ್ದಾಗಲೂ ಆ ನೂರಕ್ಕೆ ಒಬ್ಬರ ಮನೆಯ ಮಗು ಮಧ್ಯಮ ವರ್ಗದ ಮಗುವಿಗಿಂತ ಎರಡು ಪಟ್ಟಿಗೂ ಹೆಚ್ಚು ಸಲ ಒಳಗೆ ಹೋಗುತ್ತದೆ. ಅಂಕದಲ್ಲಿ ಸಮ, ಬಾಗಿಲಲ್ಲಿ ಎರಡು ಪಟ್ಟು. ನಮ್ಮ ಐಐಟಿಯಲ್ಲಿ ಈ ಕೊನೆಯ ಪಕ್ಷಪಾತ ಇಲ್ಲ, ರ‍್ಯಾಂಕು ನೋಡಿ ಸೀಟು ಕೊಡುತ್ತಾರೆ. ಅದು ದೊಡ್ಡ ಮಾತು, ಕಾಪಾಡಿಕೊಳ್ಳಬೇಕಾದ ಮಾತು. ನಮ್ಮಲ್ಲಿ ಅಂತರವೆಲ್ಲ ರ‍್ಯಾಂಕಿನ ಹಿಂದೆ ಇದೆ.

ಆ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ತಮಿಳುನಾಡು ಒಂದು ಸಾಕ್ಷಿ. ಅಲ್ಲಿ 2017ರಲ್ಲಿ ಪಿಯುಸಿ ಅಂಕದ ಬದಲು ನೀಟ್ ಬಂತು. ಅದಕ್ಕೆ ಮೊದಲು ವೈದ್ಯಕೀಯ ಸೇರಿದವರಲ್ಲಿ ತಮಿಳು ಮಾಧ್ಯಮದವರು ನೂರಕ್ಕೆ ಸುಮಾರು 15. ಕೆಲವೇ ವರ್ಷಗಳಲ್ಲಿ ಅದು 2ರ ಹತ್ತಿರಕ್ಕೆ ಬಂದಿತ್ತು ಎಂದು ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಒಂದು ವರ್ಷ ಮನೆಯಲ್ಲಿ ಕೂತು ಕೋಚಿಂಗ್ ಪಡೆದು ಎರಡನೆಯ ಸಲ ಬರೆದವರ ಪಾಲು ನೂರಕ್ಕೆ 12ರಿಂದ 71ಕ್ಕೆ ಏರಿತು. ತಮಿಳು ಮಕ್ಕಳ ಮಿದುಳು ಆ ನಾಲ್ಕು ವರ್ಷದಲ್ಲಿ ಬದಲಾಗಿರಲು ಸಾಧ್ಯವಿಲ್ಲ, ಬದಲಾದದ್ದು ಜರಡಿ. 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ನೂರಕ್ಕೆ ಏಳೂವರೆ ಸೀಟು ಎತ್ತಿಟ್ಟರು. ಹಿಂದಿನ ವರ್ಷ ಒಂದಂಕಿಯಲ್ಲಿದ್ದ ಆ ಮಕ್ಕಳ ಸಂಖ್ಯೆ ಮುನ್ನೂರು ದಾಟಿತು. ಆ ಮುನ್ನೂರು ಮಂದಿಯೂ ಅದೇ ನೀಟ್ ಪಾಸಾಗಿಯೇ ಬಂದವರು.

ನಮ್ಮ ರಾಜ್ಯದಲ್ಲೂ ಕಣ್ಣಿಗೆ ಕಾಣುವ ಸಾಕ್ಷಿ ಇದೆ. 2024ರ ಎಸ್‌ಎಸ್‌ಎಲ್‌ಸಿ ಬರೆದವರು ಎಂಟೂವರೆ ಲಕ್ಷಕ್ಕೂ ಹೆಚ್ಚು. 625ಕ್ಕೆ 625 ತೆಗೆದದ್ದು ಒಬ್ಬಳೇ. ಬಾಗಲಕೋಟೆ ಜಿಲ್ಲೆಯ ರೈತನ ಮಗಳು, ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವಳು. ಆ ಶಾಲೆ ಏನು ಕೊಡುತ್ತದೆ? ಊಟ, ಹಾಸಿಗೆ, ಪುಸ್ತಕ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು. ಬೆಳಿಗ್ಗೆ ದನದ ಕೊಟ್ಟಿಗೆ ಕಸ ತೆಗೆಯಬೇಕಿಲ್ಲ, ಬಸ್ಸಿಗೆ ಕಾಯಬೇಕಿಲ್ಲ. ಬಸ್ಸಿಗೆ ಹೋಗಿ ಬರಲು ದಿನಕ್ಕೆ ಎರಡು ತಾಸು ಕಳೆಯುವ ಮಗು ವರ್ಷಕ್ಕೆ 220 ದಿನದಂತೆ ಎರಡು ವರ್ಷದ ಪಿಯುಸಿಯಲ್ಲಿ 880 ತಾಸು ರಸ್ತೆಯ ಮೇಲೆ ಇರುತ್ತದೆ. ದಿನಕ್ಕೆ ಎಂಟು ತಾಸು ಓದುವ ನಗರದ ಮಗುವಿಗೆ ಅದು 110 ದಿನದ ಓದು. ರ‍್ಯಾಂಕಿನ ಪಟ್ಟಿಯಲ್ಲಿ ಈ ತಾಸುಗಳಿಗೆ ಒಂದು ಕಾಲಂ ಇದ್ದಿದ್ದರೆ ಯಾರು ಯಾರಿಗಿಂತ ಶ್ಯಾಣ್ಯಾರು ಎಂಬುದನ್ನು ಬೇರೆ ರೀತಿ ಓದುತ್ತಿದ್ದೆವು.

ದೊಡ್ಡ ಕಾಲೇಜಿನ ಸೀಟು ಯಾರಿಗೆ ಹೆಚ್ಚು ಮುಖ್ಯ ಎಂಬುದಕ್ಕೂ ಲೆಕ್ಕ ಇದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಸಮಾನ ಯೋಗ್ಯತೆಯವರ ಮುಂದಿನ ಗಳಿಕೆಯನ್ನು ಹೋಲಿಸಿದಾಗ, ಹೆಚ್ಚಿನವರಿಗೆ ದೊಡ್ಡ ಹೆಸರಿನ ಕಾಲೇಜಿನಿಂದ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ, ಹೆಚ್ಚು ಓದಿಲ್ಲದ ತಂದೆತಾಯಿಯ ಮಕ್ಕಳಿಗೆ. ಯಾರಿಗೆ ಆ ಬಾಗಿಲಿನಿಂದ ಬದುಕು ಬದಲಾಗುತ್ತದೋ ಅವರಿಗೇ ಅದು ಕಿರಿದಾಗಿದೆ.

ಭಾಷೆಯದು ಉಳಿಯಿತು. ನಮ್ಮ ಹುಡುಗಿಗೆ ಹತ್ತು ವರ್ಷವಾಗಿದ್ದಾಗ ನವೋದಯ ಶಾಲೆಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದಿತ್ತು. ಜಿಲ್ಲೆಗೆ 80 ಸೀಟು, ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಎಸ್‌ಎಸ್‌ಎಲ್‌ಸಿ ಕನ್ನಡದಲ್ಲಿ. 2021ರಿಂದ ಜೆಇಇ ಮೇನ್ ಕೂಡ ಕನ್ನಡದಲ್ಲಿ ಬರೆಯಬಹುದು. ಮುಂದಿನ, ಕೊನೆಯ ಬಾಗಿಲು ಜೆಇಇ ಅಡ್ವಾನ್ಸ್ಡ್. ಅಲ್ಲಿ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿ ಮನೆಮಾತಿನ ಮಗು ತನ್ನ ಭಾಷೆಯಲ್ಲಿ ಯೋಚಿಸಿ ಬರೆಯಬಹುದಾದ ಕಡೆ ದುಂಡಸಿಯ ಮಗು ಅನುವಾದ ಮಾಡಿಕೊಳ್ಳುತ್ತ ಕೂರಬೇಕು. ನೂರೆಂಬತ್ತು ನಿಮಿಷದ ಪತ್ರಿಕೆಯಲ್ಲಿ ಆ ನಿಮಿಷಗಳನ್ನು ಅವಳಿಗೆ ಯಾರು ಮರಳಿ ಕೊಡುತ್ತಾರೆ? ಈ ಒಂದನ್ನು ಸರಿಪಡಿಸಲು ಹೊಸ ಕಟ್ಟಡ ಬೇಕಿಲ್ಲ. ಅನುವಾದಕರು ಬೇಕು, ಮನಸ್ಸು ಬೇಕು.

ಮುಂದಿನ ದಸರಾ ರಜೆಯಲ್ಲಿ ದುಂಡಸಿಗೆ ಹೋಗಿದ್ದೆ. ಅವಳು ಹಟ ಹಿಡಿದು ಸೈನ್ಸ್ ಸೇರಿದ್ದಳು. ಪಡಸಾಲೆಯಲ್ಲಿ ಭೌತಶಾಸ್ತ್ರದ ಪುಸ್ತಕ ಬಿದ್ದಿತ್ತು, ದಪ್ಪ ಇಂಗ್ಲಿಷ್ ಪುಸ್ತಕ. ತೆರೆದು ನೋಡಿದೆ. ಅಂಚಿನ ತುಂಬ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರ. ಆಕ್ಸಿಲರೇಶನ್ ಪಕ್ಕ ‘ವೇಗೋತ್ಕರ್ಷ’. ಮಾಸ್ ಪಕ್ಕ ‘ದ್ರವ್ಯರಾಶಿ’. ಫ್ರಿಕ್ಷನ್ ಪಕ್ಕ ‘ಘರ್ಷಣೆ’, ಅದರ ಕೆಳಗೆ ಆವರಣದಲ್ಲಿ ‘ಬಂಡಿ ಗಾಲಿ, ಕೀಲೆಣ್ಣೆ’. ಕೂತು ಎಣಿಸಿದೆ. ಮೊದಲ ಅಧ್ಯಾಯದಲ್ಲಿ ಅಂಥ 63 ಪದ. ಎರಡನೆಯದರಲ್ಲಿ 41. ಮೂರನೆಯದರಲ್ಲಿ 22. ನಾಲ್ಕನೆಯದರಲ್ಲಿ ಒಂಬತ್ತು.

“ಐದನೇದ್ರಾಗ ಎಷ್ಟ್ ಅದಾವವ್ವಾ?” ಎಂದು ಕೇಳಿದೆ.

“ಇನ್ನೂ ಓದಿಲ್ರೀ ಕಾಕಾ,” ಎಂದಳು. “ಹಗಲೆಲ್ಲ ಸೋಯಾ ಕಟಾವು ನಡದೈತ್ರೀ. ರಾತ್ರಿ ಕೂಡತೇನಿ.”